ಹೊಸ ವೈದ್ಯಕೀಯ ಸಾಧನ ರೂಪಿಸುವ ತಂಡದ ತರಬೇತಿ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ಒಂದು ಬೋಧನಾ ಆಸ್ಪತ್ರೆ ಮತ್ತು ಒಂದು ಎಂಜಿನಿಯರಿಂಗ್ ಕಾಲೇಜು ಸೇರಿ ನಡೆಸುತ್ತಿರುವ ಒಂದು ವರ್ಷದ ತರಬೇತಿಯ ಹೊಣೆ ನನ್ನ ಮೇಲಿದೆ. ಹೊಸ ಆರೋಗ್ಯ ತಂತ್ರಜ್ಞಾನಗಳನ್ನು ರೂಪಿಸಬಲ್ಲ ತಂಡಗಳನ್ನು ಸಿದ್ಧಪಡಿಸುವುದು ಇದರ ಉದ್ದೇಶ. ವೈದ್ಯರು, ನರ್ಸ್‌ಗಳು, ಎಂಜಿನಿಯರ್‌ಗಳು, ವಿನ್ಯಾಸಕಾರರು, ವ್ಯವಹಾರ ನಿರ್ವಹಣೆ ಓದಿದವರು ಇದರಲ್ಲಿ ಇರುತ್ತಾರೆ. ಮೊದಲ ತಂಡಕ್ಕೆ ಮೂರು ತಿಂಗಳು ಎಲ್ಲ ವಿಷಯಗಳ ಪಾಠ ಮಾಡಿಸಿ, ಆಮೇಲೆ ಸಾಧನ ತಯಾರಿಸಲು ಬಿಟ್ಟೆವು. ಕೆಲವೇ ವಾರಗಳಲ್ಲಿ ವೈದ್ಯರು ಬರುವುದು ಕಡಿಮೆಯಾಯಿತು, ಎಂಜಿನಿಯರ್‌ಗಳು ತಾವೇ ಒಂದು ಸಾಧನ ಮಾಡಿ ಮುಗಿಸಿದರು. ಪ್ರಯೋಗಾಲಯದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು, ವಾರ್ಡಿನಲ್ಲಿ ಮಾತ್ರ ಯಾರೂ ಅದನ್ನು ಬಳಸಲಿಲ್ಲ. ಎರಡನೆಯ ತಂಡಕ್ಕೆ ಏನನ್ನು ಬದಲಾಯಿಸಬೇಕು?

ಉತ್ತರ: ನೀವು ವಿವರಿಸಿದಂಥ ಪರಿಸ್ಥಿತಿ ಅನೇಕ ಕಡೆ ಎದುರಾಗುತ್ತದೆ. ಅದಕ್ಕೆ ವೈದ್ಯರ ನಿರಾಸಕ್ತಿಯನ್ನಾಗಲಿ ಎಂಜಿನಿಯರ್‌ಗಳ ಅವಸರವನ್ನಾಗಲಿ ದೂರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಾಠದ ಮೂರು ತಿಂಗಳಲ್ಲಿ ವೈದ್ಯರು ಸರ್ಕ್ಯೂಟ್‌ಗಳ ಬಗ್ಗೆ ಒಂದಿಷ್ಟು ಕೇಳಿಸಿಕೊಂಡಿರಬಹುದು, ಎಂಜಿನಿಯರ್‌ಗಳು ದೇಹರಚನೆಯ ಬಗ್ಗೆ ಒಂದಿಷ್ಟು ಬರೆದುಕೊಂಡಿರಬಹುದು. ಆದರೆ ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕು, ಅದು ಯಾವ ರೋಗಿಗಳ ಸಮಸ್ಯೆ, ಏನು ಬದಲಾದರೆ ಪ್ರಯತ್ನ ಫಲಿಸಿತೆನ್ನಬಹುದು, ಈ ಪ್ರಯತ್ನದಿಂದ ಯಾರಿಗೆ ಹಾನಿಯಾಗಬಹುದು ಎಂಬ ತೀರ್ಮಾನಗಳನ್ನು ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಮಾಡುವ ಅಭ್ಯಾಸ ಅವರಿಗೆ ಆದಂತೆ ಕಾಣುವುದಿಲ್ಲ. ಈ ಒಟ್ಟು ತೀರ್ಮಾನವೇ ತರಬೇತಿಯ ತಿರುಳು. ಉಳಿದ ಪಾಠಗಳೆಲ್ಲ ಅದಕ್ಕೆ ಬೇಕಾದಾಗ ಬೇಕಾದಷ್ಟು ಒದಗಬೇಕಾದ ಸಾಮಗ್ರಿ.

ಇತಿಹಾಸದ ಎರಡು ನಿದರ್ಶನಗಳನ್ನು ಗಮನಿಸಿ. 1957ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಿದ್ಯುತ್ ಕಡಿತವಾಯಿತು. ಹೃದಯದ ಬಡಿತವನ್ನು ವಿದ್ಯುತ್ತಿನಿಂದ ಕ್ರಮದಲ್ಲಿಡುವ ಆಗಿನ ಪೇಸ್‌ಮೇಕರ್‌ಗಳು ಗೋಡೆಯ ಪ್ಲಗ್‌ನಿಂದ ವಿದ್ಯುತ್ ಪಡೆಯುತ್ತಿದ್ದವು. ಹೃದಯ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಅವರು ಬ್ಯಾಟರಿಯಿಂದ ನಡೆಯುವ ಸಾಧನ ಬೇಕೆಂದು ಕೇಳಿದ್ದು, ತಮ್ಮ ಆಸ್ಪತ್ರೆಯ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಎಂಜಿನಿಯರ್ ಅರ್ಲ್ ಬಾಕೆನ್ ಅವರನ್ನು. ಬಾಕೆನ್ ಕೆಲವೇ ವಾರಗಳಲ್ಲಿ ಟ್ರಾನ್ಸಿಸ್ಟರ್ ಬಳಸಿ, ರೋಗಿಯು ಮೈಮೇಲೆ ಧರಿಸಬಹುದಾದಷ್ಟು ಚಿಕ್ಕ ಪೇಸ್‌ಮೇಕರ್ ತಂದುಕೊಟ್ಟರು. ಇಂಗ್ಲೆಂಡಿನಲ್ಲಿ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್ ಅವರ ಜೊತೆಗೂಡಿ ದುಡಿದುದರ ಫಲವಾಗಿ 1971ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮೆದುಳಿನ ಸಿಟಿ ಸ್ಕ್ಯಾನ್ ನಡೆಯಿತು. ಹೌನ್ಸ್‌ಫೀಲ್ಡ್ ವೈದ್ಯಕೀಯ ಓದಿದವರಲ್ಲ, ಲಿಲ್ಲೆಹೈ ಎಲೆಕ್ಟ್ರಾನಿಕ್ಸ್ ಓದಿದವರಲ್ಲ. ಒಬ್ಬರ ಕೆಲಸದ ಜಾಗದಲ್ಲಿ ಇನ್ನೊಬ್ಬರು ಇದ್ದರು, ಕೇಳಬೇಕಾದ್ದನ್ನು ಅಲ್ಲೇ ಕೇಳಿ ತಿಳಿಯಲು ಅವರಿಗೆ ಸಾಧ್ಯವಿತ್ತು ಎಂಬುದೇ ಮುಖ್ಯ. ಬಾಕೆನ್ ಅವರ ಸಾಧನವು ಪ್ರಾಣಿಗಳ ಮೇಲೆ ಪರೀಕ್ಷೆಗೊಳಪಟ್ಟ ಬೆನ್ನಲ್ಲೇ ರೋಗಿಗೆ ಜೋಡಣೆಯಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಇಂದಿನ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ, ಕೊಡಲೂಬಾರದು. ಅವರ ಸಾಮೀಪ್ಯವನ್ನು ಅನುಸರಿಸೋಣ, ಆ ವೇಗವನ್ನಲ್ಲ.

ಹಾಗಾಗಿ ನನ್ನ ಮೊದಲ ಸಲಹೆಯೆಂದರೆ, ಪಾಠದ ಮೂರು ತಿಂಗಳನ್ನು ತೆಗೆದು ಆ ಜಾಗದಲ್ಲಿ ಆಸ್ಪತ್ರೆಯೊಳಗಿನ ವೀಕ್ಷಣೆಯನ್ನು ಇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಪಾಲ್ ಯಾಕ್ ಮತ್ತು ಜಾಶ್ ಮಾಕೋವರ್ ಆರಂಭಿಸಿದ ಬಯೋಡಿಸೈನ್ ತರಬೇತಿ ಈ ಕ್ರಮವನ್ನು ಹಲವು ದೇಶಗಳಿಗೆ ಪರಿಚಯಿಸಿತು. ಅಲ್ಲಿ ತಂಡವು ಮೊದಲು ಆಸ್ಪತ್ರೆಯಲ್ಲಿ ಓಡಾಡಿ ಅಗತ್ಯಗಳ ದೊಡ್ಡ ಪಟ್ಟಿ ಮಾಡುತ್ತದೆ, ಅದನ್ನು ಹಂತಹಂತವಾಗಿ ಸೋಸಿ ಒಂದೆರಡಕ್ಕೆ ಇಳಿಸುತ್ತದೆ, ಪರಿಹಾರದ ಮಾತು ಬರುವುದು ಆಮೇಲೆ. ಈ ಕ್ರಮ ಹೆಸರುವಾಸಿಯಾದ ಮೇಲೆ ಅನೇಕರು ವೀಕ್ಷಣೆಯನ್ನು ಎರಡು ದಿನಗಳ ಪ್ರವಾಸದ ಮಟ್ಟಕ್ಕೆ ಇಳಿಸಿದ್ದಾರೆ. ಎರಡು ದಿನದಲ್ಲಿ ಕಾಣುವುದು ಆಸ್ಪತ್ರೆಯು ಅತಿಥಿಗಳಿಗೆ ತೋರಿಸುವ ಮುಖ ಮಾತ್ರ. ಕನಿಷ್ಠ ಆರು ವಾರ ಬೇಕು, ಅದರಲ್ಲಿ ರಾತ್ರಿ ಪಾಳಿಯೂ ವಾರಾಂತ್ಯವೂ ಸೇರಿರಬೇಕು, ಏಕೆಂದರೆ ಸಿಬ್ಬಂದಿ ಕಡಿಮೆಯಿದ್ದಾಗಲೇ ಸಾಧನಗಳ ಕೊರತೆಗಳು ಎದ್ದು ಕಾಣುತ್ತವೆ.

ವೀಕ್ಷಣೆಗೆ ಇಬ್ಬಿಬ್ಬರನ್ನು ಜೋಡಿಯಾಗಿ ಕಳಿಸಿ, ಜೋಡಿಯಲ್ಲಿ ಒಂದೇ ವಿದ್ಯೆಯವರು ಇರದಂತೆ ನೋಡಿಕೊಳ್ಳಿ. ಎಂಜಿನಿಯರ್ ನರ್ಸ್ ಜೊತೆಗಿರಲಿ, ವ್ಯವಹಾರ ಓದಿದವರು ವೈದ್ಯರ ಜೊತೆಗಿರಲಿ. ರೋಗಿಗಳ ಒಪ್ಪಿಗೆ ಮತ್ತು ಗೋಪ್ಯತೆಯ ವಿಚಾರವನ್ನು ಆಸ್ಪತ್ರೆಯ ನೈತಿಕ ಸಮಿತಿಯೊಂದಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ವೀಕ್ಷಕರು ಕಂಡದ್ದನ್ನು ಮಾತ್ರ ಬರೆಯಬೇಕು, ಪರಿಹಾರವನ್ನು ಬರೆಯಬಾರದು. ಸಿಬ್ಬಂದಿ ತಾವೇ ಕಂಡುಕೊಂಡ ಅಡ್ಡದಾರಿಗಳನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರದ ಮೇಲೆ ಕೈಬರಹದಲ್ಲಿ ಅಂಟಿಸಿದ ಚೀಟಿ, ಅಲಾರಾಂನ ಸ್ಪೀಕರ್ ಮೇಲೆ ಹಚ್ಚಿದ ಟೇಪು, ಕೊಳವೆಯನ್ನು ಹಾಸಿಗೆಗೆ ಕಟ್ಟಲು ಬಳಸಿದ ಬ್ಯಾಂಡೇಜಿನ ತುಂಡು ಇವೆಲ್ಲ, ಸಾಧನ ಮಾಡಿದವರ ಕಲ್ಪನೆಗೂ ಬಳಸುವವರ ಕೆಲಸಕ್ಕೂ ನಡುವಿನ ಅಂತರವನ್ನು ಯಾವ ಪ್ರಶ್ನಾವಳಿಗಿಂತಲೂ ಸ್ಪಷ್ಟವಾಗಿ ತಿಳಿಸುತ್ತವೆ. ನಿಮ್ಮ ಮೊದಲ ತಂಡದ ಸಾಧನ ಇನ್ನೂ ಇದ್ದರೆ ಅದನ್ನು ಇಲ್ಲಿ ಬಳಸಿಕೊಳ್ಳಿ. ಅದನ್ನು ಬಳಸಬೇಕಿದ್ದ ನರ್ಸ್‌ಗಳ ಒಂದು ಪಾಳಿಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಯಾವ ಹಂತದಲ್ಲಿ ಅದು ಪಕ್ಕಕ್ಕೆ ಸರಿಯಿತು, ಏಕೆ ಸರಿಯಿತು ಎಂದು ಎರಡನೆಯ ತಂಡ ಬರೆಯಲಿ. ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡದೆ ನಡೆದರೆ ಇಷ್ಟು ಒಳ್ಳೆಯ ಅಭ್ಯಾಸ ಬೇರೊಂದಿಲ್ಲ.

ವೀಕ್ಷಣೆಯ ನಂತರ ಬರುವ ಅಗತ್ಯದ ನಿರೂಪಣೆ, ಅಂದರೆ ಸಮಸ್ಯೆ, ರೋಗಿಗಳ ಗುಂಪು ಮತ್ತು ಅಪೇಕ್ಷಿತ ಫಲ ಈ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳುವ ಕೆಲಸ, ನನ್ನ ಮಟ್ಟಿಗೆ ಇಡೀ ವರ್ಷದಲ್ಲೇ ಅತ್ಯಂತ ಕಠಿಣವಾದದ್ದು. ವೆಂಟಿಲೇಟರ್ ಮೇಲಿರುವ ರೋಗಿಗಳಿಗೆ ಬರುವ ಶ್ವಾಸಕೋಶದ ಸೋಂಕನ್ನು ತೆಗೆದುಕೊಳ್ಳಿ. ಶ್ವಾಸನಾಳಕ್ಕೆ ಹಾಕಿದ ಕೊಳವೆಯ ಸುತ್ತ ಉಬ್ಬಿಕೊಂಡು ಸಂದು ಮುಚ್ಚುವ, ಗಾಳಿ ತುಂಬಿದ ಪಟ್ಟಿಯ ಮೇಲ್ಭಾಗದಲ್ಲಿ ಬಾಯಿ ಮತ್ತು ಗಂಟಲಿನ ಸ್ರಾವ ಸಂಗ್ರಹವಾಗಿ, ಪಟ್ಟಿಯ ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಶ್ವಾಸಕೋಶಕ್ಕೆ ಇಳಿಯುವುದು ಇದರ ಮುಖ್ಯ ಕಾರಣಗಳಲ್ಲೊಂದು. ಎಂಜಿನಿಯರ್‌ಗೆ ಇದು ತಕ್ಷಣ ಪಟ್ಟಿಯ ಸೋರಿಕೆಯ ಸಮಸ್ಯೆಯಾಗಿ ಕಾಣುತ್ತದೆ, ಇನ್ನೂ ಉತ್ತಮವಾದ ಪಟ್ಟಿ ಬೇಕು ಎಂದು ಅವರು ಬರೆಯುತ್ತಾರೆ. ನರ್ಸ್‌ಗೆ ಗೊತ್ತಿರುವುದು ಬೇರೆ. ರೋಗಿಯನ್ನು ಮಗ್ಗುಲು ಬದಲಿಸುವಾಗ ಹಾಸಿಗೆಯ ತಲೆಭಾಗವನ್ನು ಕೆಳಗಿಳಿಸಬೇಕಾಗುತ್ತದೆ, ಕೆಲಸದ ಒತ್ತಡದಲ್ಲಿ ಅದನ್ನು ಮತ್ತೆ ಮೇಲೇರಿಸುವುದು ತಡವಾಗುತ್ತದೆ, ಬಾಯಿ ಶುಚಿಗೊಳಿಸುವ ಅವಧಿ ತಪ್ಪುತ್ತದೆ. ವೈದ್ಯರ ಚಿಂತೆ ಮತ್ತೊಂದು. ಈ ಸೋಂಕು ಇದೆಯೇ ಎಂಬ ನಿರ್ಣಯದಲ್ಲೇ ವೈದ್ಯರ ವಿವೇಚನೆಯ ಪಾಲು ದೊಡ್ಡದು, ಎಕ್ಸ್‌ರೇಯಲ್ಲಿ ಕಾಣುವ ಮಸುಕು ಬೇರೆ ಕಾರಣಗಳಿಂದಲೂ ಬರುತ್ತದೆ. ಹಾಗಾಗಿ ಸೋಂಕಿನ ಸಂಖ್ಯೆ ಇಳಿಯುವುದನ್ನಷ್ಟೇ ಫಲವೆಂದು ಇಟ್ಟುಕೊಂಡರೆ, ರೋಗಿಗಳಿಗೆ ಏನೂ ಉಪಯೋಗವಾಗದೆ ನಿರ್ಣಯದ ಕಟ್ಟುನಿಟ್ಟಿನಿಂದಲೇ ಸಂಖ್ಯೆ ಇಳಿದುಬಿಡಬಹುದು. ರೋಗಿ ವೆಂಟಿಲೇಟರ್ ಮೇಲೆ ಕಳೆಯುವ ದಿನಗಳು, ಪ್ರತಿಜೀವಕದ ಬಳಕೆ, ಸಾವು ಇವುಗಳನ್ನೂ ಅಳೆಯಬೇಕು ಎಂಬ ಮಾತು ಆಗ ಬರುತ್ತದೆ.

ಈ ಮೂವರ ಮಾತೂ ನಿಜವೇ. ಮೂರನ್ನೂ ಒಂದು ವಾಕ್ಯಕ್ಕೆ ತರಲು ಹೊರಟಾಗ, ತಮ್ಮ ದೃಷ್ಟಿಗೆ ಕಂಡದ್ದು ಸಮಸ್ಯೆಯ ಒಂದು ಮಗ್ಗುಲು ಮಾತ್ರ ಎಂಬುದು ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಆ ಅರಿವನ್ನು ಉಪನ್ಯಾಸದಿಂದ ಕೊಡಲಾಗುವುದಿಲ್ಲ. ಉತ್ತಮ ಪಟ್ಟಿ ಬೇಕು ಎಂಬ ನಿರೂಪಣೆಯಲ್ಲಿ ಪರಿಹಾರ ಆಗಲೇ ನುಸುಳಿದೆ, ಸೋಂಕು ತಡೆಯಬೇಕು ಎಂಬ ನಿರೂಪಣೆ ಯಾವ ಕೆಲಸಕ್ಕೂ ದಾರಿ ತೋರದಷ್ಟು ವಿಶಾಲವಾಗಿದೆ. ಇವೆರಡರ ನಡುವೆ ಸರಿಯಾದ ಅಳತೆ ಸಿಗುವವರೆಗೆ ತಂಡ ವಾಕ್ಯವನ್ನು ಹತ್ತಾರು ಬಾರಿ ತಿದ್ದಲಿ, ಪ್ರತಿ ಆವೃತ್ತಿಯನ್ನೂ ದಿನಾಂಕದೊಂದಿಗೆ ಉಳಿಸಿಕೊಳ್ಳಲಿ, ಯಾವ ಪದ ಯಾರ ಆಕ್ಷೇಪದಿಂದ ಬದಲಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಶರೀರಕ್ರಿಯೆಯ ಪಾಠ, ಸಂವೇದಕಗಳ ಪಾಠ, ಸಂಖ್ಯಾಶಾಸ್ತ್ರದ ಪಾಠ ಇವುಗಳಿಗೆಲ್ಲ ಸ್ಥಾನವಿರುವುದು ಈ ಹಂತದಲ್ಲಿ. ಕಲಿಯುವವರೇ ಬಂದು ಇದನ್ನು ಹೇಳಿಕೊಡಿ ಎಂದು ಕೇಳುವಾಗ ಒಂದು ಗಂಟೆಯ ಪಾಠವೂ ಸಾಕಾಗುತ್ತದೆ.

ಆದರೆ ನರ್ಸ್ ತನಗೆ ಗೊತ್ತಿದ್ದದ್ದನ್ನು ಹೇಳಿದರೆ ತಾನೆ ಇದೆಲ್ಲ ಸಾಧ್ಯ? ಹಿರಿಯ ಶಸ್ತ್ರಚಿಕಿತ್ಸಕರು ಕುಳಿತಿರುವ ಸಭೆಯಲ್ಲಿ ಕಿರಿಯ ನರ್ಸ್ ಮೌನವಾಗಿರುವುದು ಸಹಜ, ಹೊಸ ಎಂಜಿನಿಯರ್ ಕೂಡ ಅಷ್ಟೇ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ ಎಂಬುದು ಅದಕ್ಕೆ ಅವರು ಕೊಟ್ಟ ವಿವರಣೆ. ಚಿಕ್ಕ ಗಾಯದ ಮೂಲಕ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಹೊಸ ತಂತ್ರವನ್ನು 16 ಆಸ್ಪತ್ರೆಗಳು ಹೇಗೆ ಅಳವಡಿಸಿಕೊಂಡವು ಎಂದು ಅವರೂ ಅವರ ಸಹೋದ್ಯೋಗಿಗಳೂ ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರವಾದದ್ದು. ಯಶಸ್ವಿಯಾದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರು ಅದನ್ನು ಇಡೀ ತಂಡ ಹೊಸದಾಗಿ ಕಲಿಯಬೇಕಾದ ಕೆಲಸವೆಂದು ಮುಂದಿಟ್ಟಿದ್ದರು, ರೋಗಿಯನ್ನು ಮುಟ್ಟುವ ಮೊದಲು ಎಲ್ಲರೂ ಸೇರಿ ತಾಲೀಮು ನಡೆಸಿದ್ದರು, ಯಾರು ಬೇಕಾದರೂ ಮಾತಾಡಬಹುದಾದ ವಾತಾವರಣ ಅಲ್ಲಿತ್ತು.

ಈ ವಾತಾವರಣವನ್ನು ಒಳ್ಳೆಯ ಮನಸ್ಸಿಗೆ ಬಿಡದೆ ಕ್ರಮಕ್ಕೆ ಒಳಪಡಿಸಿ. ಸಭೆಯಲ್ಲಿ ಚರ್ಚೆಗೆ ಮೊದಲು ಪ್ರತಿಯೊಬ್ಬರೂ ಐದು ನಿಮಿಷ ಮೌನವಾಗಿ ತಮ್ಮ ಅಭಿಪ್ರಾಯ ಬರೆಯಲಿ. ಓದುವಾಗ ಅತ್ಯಂತ ಕಿರಿಯರು ಮೊದಲು ಓದಲಿ, ಅತ್ಯಂತ ಹಿರಿಯರು ಕೊನೆಗೆ ಓದಲಿ. ಮುಂದಾಳು ವಾರಕ್ಕೊಮ್ಮೆಯಾದರೂ ತನಗೆ ಅರ್ಥವಾಗದ ಒಂದು ವಿಷಯವನ್ನು ಎಲ್ಲರೆದುರು ಕೇಳಲಿ. ಇವು ಚಿಕ್ಕ ನಿಯಮಗಳು, ಆದರೆ ಇವುಗಳಿಲ್ಲದ ಕಡೆ ತಂಡದ ಅಭಿಪ್ರಾಯವೆಂದರೆ ಹಿರಿಯರೊಬ್ಬರ ಅಭಿಪ್ರಾಯವೇ ಆಗಿಬಿಡುತ್ತದೆ.

ವೈದ್ಯರು ಬರುವುದು ಏಕೆ ಕಡಿಮೆಯಾಯಿತು ಎಂಬ ನಿಮ್ಮ ಚಿಂತೆಗೆ ಇದರ ಜೊತೆಗೇ ಉತ್ತರ ಹೇಳುತ್ತೇನೆ. ಒ‌ಪಿಡಿ, ವಾರ್ಡ್ ಸುತ್ತು, ತುರ್ತು ಕರೆ ಇವೆಲ್ಲದರ ನಡುವೆ ಬಿಡುವಾದಾಗ ಬನ್ನಿ ಎಂದು ಕರೆದರೆ ಯಾವ ವೈದ್ಯರೂ ಬರಲಾರರು. ನರ್ಸ್‌ಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅವರ ಪಾಳಿಯನ್ನು ಬೇರೆಯವರು ತುಂಬದೆ ಅವರು ವಾರ್ಡ್ ಬಿಡುವಂತಿಲ್ಲ. ತರಬೇತಿಯ ಅವಧಿಯನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಬೇಕು, ಬದಲಿ ಸಿಬ್ಬಂದಿಯ ವೆಚ್ಚವನ್ನು ತರಬೇತಿಯ ಬಜೆಟ್‌ನಲ್ಲೇ ಸೇರಿಸಬೇಕು. ಆಗಾಗ ಮುಖ ತೋರಿಸುವ ಐದು ಪ್ರಸಿದ್ಧ ವೈದ್ಯರಿಗಿಂತ ವಾರಕ್ಕೆ ಎರಡು ಪೂರ್ತಿ ದಿನ ಕೊಡುವ ಒಬ್ಬ ಕಿರಿಯ ವೈದ್ಯರು ತಂಡಕ್ಕೆ ಹೆಚ್ಚು ಬೇಕಾದವರು. ಸಂಸ್ಥೆ ಇಷ್ಟನ್ನು ಒಪ್ಪದಿದ್ದರೆ, ಪಠ್ಯಕ್ರಮವನ್ನು ಎಷ್ಟು ತಿದ್ದಿದರೂ ಹಿಂದಿನ ಸಲದಂತೆಯೇ ಆಗುತ್ತದೆ ಎಂದು ನೇರವಾಗಿ ಹೇಳಬೇಕಾಗುತ್ತದೆ.

ಮುಂದಿನದು ಹಾನಿಯ ವಿಚಾರ. ಸಾಮಾನ್ಯವಾಗಿ ಇದನ್ನು ಕೊನೆಯ ತಿಂಗಳಿನ ದಾಖಲೆ ಕೆಲಸವೆಂದು ಬದಿಗಿಡುತ್ತಾರೆ. ಇದು ಎರಡನೆಯ ತಿಂಗಳಲ್ಲೇ ಶುರುವಾಗಬೇಕು, ಮತ್ತು ಶುರುಮಾಡಲು ಥೆರಾಕ್-25 ಪ್ರಕರಣಕ್ಕಿಂತ ಉತ್ತಮ ಪಾಠ ನನಗೆ ತಿಳಿದಿಲ್ಲ. ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನೀಡುವ ಈ ಯಂತ್ರ 1985 ಮತ್ತು 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಭಾರಿ ಪ್ರಮಾಣದ ಅಧಿಕ ವಿಕಿರಣ ನೀಡಿತು, ಅವರಲ್ಲಿ ಕೆಲವರು ತೀರಿಕೊಂಡರು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ಸುರಕ್ಷಾ ತಡೆಗಳನ್ನು ತೆಗೆದು ಆ ಹೊಣೆಯನ್ನು ಸಾಫ್ಟ್‌ವೇರ್‌ಗೆ ವಹಿಸಲಾಗಿತ್ತು. ಹಿಂದಿನ ಮಾದರಿಯ ಸಾಫ್ಟ್‌ವೇರ್‌ನಲ್ಲೂ ಇದ್ದ ದೋಷವೊಂದನ್ನು ಆ ತಡೆಗಳೇ ಮುಚ್ಚಿಟ್ಟಿದ್ದವು. ಆಪರೇಟರ್ ವೇಗವಾಗಿ ಟೈಪ್ ಮಾಡಿ ತಿದ್ದುಪಡಿ ಮಾಡಿದಾಗ ಮಾತ್ರ ಆ ದೋಷ ತಲೆಯೆತ್ತುತ್ತಿತ್ತು. ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಎಂಬ ಅರ್ಥವಾಗದ ಸಂದೇಶ ಬರುತ್ತಿತ್ತು. ಇಂಥ ಸಂದೇಶಗಳು ದಿನವೂ ಬರುತ್ತಿದ್ದುದರಿಂದ ಆಪರೇಟರ್‌ಗಳು ಒಂದು ಕೀಲಿ ಒತ್ತಿ ಚಿಕಿತ್ಸೆಯನ್ನು ಮುಂದುವರಿಸುವುದು ರೂಢಿಯಾಗಿತ್ತು. ಮೈ ಸುಟ್ಟಂತಾಯಿತು ಎಂದು ರೋಗಿಗಳು ಹೇಳಿದರೂ, ಅಧಿಕ ವಿಕಿರಣ ಸಾಧ್ಯವೇ ಇಲ್ಲವೆಂಬ ನಂಬಿಕೆ ಮೊದಲಲ್ಲಿ ಅಲುಗಲಿಲ್ಲ.

ಈ ಪ್ರಕರಣವನ್ನು ತಂಡಕ್ಕೆ ಕಥೆಯಾಗಿ ಹೇಳಬೇಡಿ. ಘಟನೆಗಳನ್ನು ನಡೆದ ಕ್ರಮದಲ್ಲೇ ಒಂದೊಂದಾಗಿ ಬಿಚ್ಚಿಡುತ್ತ, ಪ್ರತಿ ಹಂತದಲ್ಲೂ ನೀವು ಇದ್ದಿದ್ದರೆ ಏನು ಕೇಳುತ್ತಿದ್ದಿರಿ ಎಂದು ಪ್ರತಿಯೊಬ್ಬರಿಂದಲೂ ಬರೆಸಿ. ಸಾಫ್ಟ್‌ವೇರ್ ಎಂಜಿನಿಯರ್, ಭೌತವಿಜ್ಞಾನಿ, ತಂತ್ರಜ್ಞ, ವೈದ್ಯ ಇವರಲ್ಲಿ ಯಾರೊಬ್ಬರ ಕೈಯಲ್ಲೂ ಪೂರ್ಣ ಚಿತ್ರವಿರಲಿಲ್ಲ ಎಂಬುದು ತಾನಾಗಿಯೇ ಹೊರಬರುತ್ತದೆ. ಅದೇ ವಾರದಿಂದ ತಮ್ಮದೇ ಅಗತ್ಯದ ಕುರಿತು ಅಪಾಯಗಳ ಪಟ್ಟಿಯನ್ನು ತಂಡ ಬರೆಯತೊಡಗಲಿ. ಅಪಾಯ ನಿರ್ವಹಣೆಗೆ ಐಎಸ್ಒ 14971, ಬಳಕೆಯ ಸುಲಭತೆಗೆ ಐಇಸಿ 62366, ಸಾಫ್ಟ್‌ವೇರ್‌ಗೆ ಐಇಸಿ 62304, ಗುಣಮಟ್ಟ ವ್ಯವಸ್ಥೆಗೆ ಐಎಸ್ಒ 13485 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಇವುಗಳನ್ನು ಮೊದಲ ಪುಟದಿಂದ ಓದಿಸಿದರೆ ಎಲ್ಲರೂ ತೂಕಡಿಸುತ್ತಾರೆ, ತಮ್ಮ ಪಟ್ಟಿ ಕೈಯಲ್ಲಿದ್ದಾಗ ಓದಿಸಿದರೆ ಪ್ರತಿ ಪುಟದಲ್ಲೂ ಉಪಯೋಗ ಕಾಣುತ್ತದೆ.

ಯಾವ ರೋಗಿಗಳು ಎಂಬ ಪ್ರಶ್ನೆಯನ್ನು ತಂಡ ಕೊನೆಯವರೆಗೂ ಕೈಬಿಡಬಾರದು. ಬೆರಳಿಗೆ ಸಿಕ್ಕಿಸಿ, ಬೆಳಕಿನ ಮೂಲಕ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್‌ನ ಮೂಲ ತತ್ತ್ವವನ್ನು ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಹಿಡಿದರು, ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೂ 2020ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಹೋಲಿಕೆಯಲ್ಲಿ, ರಕ್ತಪರೀಕ್ಷೆಯಲ್ಲಿ ಆಮ್ಲಜನಕ ಕಡಿಮೆಯಿದ್ದರೂ ಆಕ್ಸಿಮೀಟರ್ ಸಾಕಷ್ಟಿದೆ ಎಂದು ತೋರಿಸಿದ ಸಂದರ್ಭಗಳು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ಚರ್ಮದ ಬಣ್ಣ ಬೆಳಕಿನ ಹೀರುವಿಕೆಯನ್ನು ಬದಲಿಸುತ್ತದೆ ಎಂಬುದು ಎಂಜಿನಿಯರ್‌ಗಳಿಗೆ ತಿಳಿಯದ ಸಂಗತಿಯಲ್ಲ. ಅಳತೆಯ ತಪ್ಪಿನಿಂದ ಯಾರಿಗೆ ಚಿಕಿತ್ಸೆ ತಡವಾಗುತ್ತದೆ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಮಾತ್ರ ದಶಕಗಳ ಕಾಲ ಸಿಗಲಿಲ್ಲ. ಹಾಗೆಯೇ ಮಧುಮೇಹದಿಂದ ಕಣ್ಣಿನ ಒಳಪದರವಾದ ಅಕ್ಷಿಪಟಲಕ್ಕಾಗುವ ಹಾನಿಯನ್ನು ಗುರುತಿಸುವ ಗೂಗಲ್‌ನ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಬಳಸಿ ನೋಡಿದಾಗ, ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಚಿತ್ರಗಳು ಗುಣಮಟ್ಟ ಸಾಲದೆಂದು ತಿರಸ್ಕೃತವಾದವು. ಕೋಣೆಯ ಬೆಳಕು, ಇಂಟರ್‌ನೆಟ್‌ನ ವೇಗ, ಒಬ್ಬ ನರ್ಸ್ ಎದುರು ಕಾದಿರುವ ಜನರ ಸಾಲು ಇವು ಪ್ರಯೋಗಾಲಯದ ನಿಖರತೆಯ ಲೆಕ್ಕದಲ್ಲಿ ಬಂದಿರಲಿಲ್ಲ. ರೋಗಿಗಳನ್ನೂ ಆರೈಕೆ ಮಾಡುವ ಮನೆಯವರನ್ನೂ ಕೊನೆಯ ಪ್ರಾತ್ಯಕ್ಷಿಕೆಗೆ ಕರೆದರೆ ಸಾಲದು. ಅಗತ್ಯದ ವಾಕ್ಯವನ್ನು ತಿದ್ದುವಾಗಲೇ ಕರೆದು, ಅವರ ಸಮಯಕ್ಕೆ ಗೌರವಧನವನ್ನೂ ಕೊಡಬೇಕು.

ಮಾದರಿ ತಯಾರಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಂಜಿನಿಯರ್‌ಗಳು ಅದನ್ನು ಬಲ್ಲರು. ಮೊದಲ ಮಾದರಿಗಳು ರಟ್ಟಿನಲ್ಲಿ, ಫೋಮಿನಲ್ಲಿ ಇರಲಿ, ಏಕೆಂದರೆ ನುಣುಪಾದ ಮಾದರಿಯನ್ನು ಟೀಕಿಸಲು ಜನ ಹಿಂಜರಿಯುತ್ತಾರೆ. ವಾರ್ಡಿನ ಸನ್ನಿವೇಶವನ್ನು ಅನುಕರಿಸುವ ಸಿಮ್ಯುಲೇಷನ್ ಕೋಣೆಯಲ್ಲಿ ನಿಜವಾದ ನರ್ಸ್‌ಗಳ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು ವಿವರಿಸದೆ ಸುಮ್ಮನೆ ನೋಡುವುದನ್ನು ಎಂಜಿನಿಯರ್‌ಗಳು ಕಲಿಯಬೇಕು. ಆರಂಭದ ಪರೀಕ್ಷೆಗಳಿಗೆ ನಾಲ್ಕೈದು ಬಳಕೆದಾರರೂ ಸಾಕು. ಅಂತಿಮ ದೃಢೀಕರಣಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತನ್ನ ಮಾರ್ಗದರ್ಶಿಯಲ್ಲಿ ಪ್ರತಿ ಬಳಕೆದಾರ ಗುಂಪಿಗೆ ಕನಿಷ್ಠ 15 ಮಂದಿಯನ್ನು ಸೂಚಿಸಿದೆ. ವ್ಯವಹಾರ ಓದಿದವರು ಈ ಹಂತದಲ್ಲಿ ಕೈಕಟ್ಟಿ ಕೂರದಿರಲಿ. ಸಾಧನವನ್ನು ಆರಿಸುವವರು, ಬಳಸುವವರು, ಹಣ ಕೊಡುವವರು, ಅದರಿಂದ ಲಾಭ ಪಡೆಯುವವರು ನಾಲ್ವರೂ ಬೇರೆಬೇರೆಯಾಗಿರುವ ಕ್ಷೇತ್ರ ಇದು, ಆ ನಾಲ್ವರಲ್ಲಿ ಯಾರೊಬ್ಬರು ಬೇಡವೆಂದರೂ ಸಾಧನ ಕಪಾಟಿನಲ್ಲಿ ಉಳಿಯುತ್ತದೆ.

ಕೊನೆಯದಾಗಿ ಮೌಲ್ಯಮಾಪನ. ವರ್ಷದ ಕೊನೆಗೆ ಕೆಲಸ ಮಾಡುವ ಸಾಧನ ಇರಲೇಬೇಕು ಎಂದು ಅಂಕಗಳನ್ನು ಇಟ್ಟರೆ, ಎರಡನೆಯ ವಾರದಲ್ಲೇ ತಂಡ ಒಂದು ಪರಿಹಾರಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಎದುರಾಗುವ ವಿರುದ್ಧ ಸಾಕ್ಷ್ಯವನ್ನೆಲ್ಲ ಬದಿಗೆ ತಳ್ಳುತ್ತದೆ. ಬದಲಿಗೆ ತೀರ್ಮಾನಗಳ ದಾಖಲೆಯನ್ನು ಪರೀಕ್ಷಿಸಿ. ಅಗತ್ಯದ ವಾಕ್ಯ ಹೇಗೆ ಬದಲಾಯಿತು, ಯಾವ ಅಪಾಯವನ್ನು ಯಾರು ಗುರುತಿಸಿದರು, ಯಾವ ಸಾಕ್ಷ್ಯ ಬಂದಾಗ ದಾರಿ ಬದಲಿಸಿದರು ಎಂಬುದಕ್ಕೆ ಅಂಕ ಕೊಡಿ. ಈ ಅಗತ್ಯಕ್ಕೆ ಹೊಸ ಸಾಧನ ಬೇಕಿಲ್ಲ, ಕೆಲಸದ ಕ್ರಮ ಬದಲಾದರೆ ಸಾಕು ಎಂದು ಆಧಾರಸಹಿತ ತೋರಿಸಿ ನಿಲ್ಲಿಸಿದ ತಂಡಕ್ಕೂ ಪೂರ್ಣ ಅಂಕ ಸಿಗಬೇಕು. ಮೌಖಿಕ ಪರೀಕ್ಷೆಯಲ್ಲಿ ಅವರವರ ವಿಷಯವನ್ನು ಅವರವರಿಂದಲೇ ಕೇಳಬೇಡಿ. ಈ ಫಲವನ್ನೇ ಏಕೆ ಅಳೆಯಬೇಕು ಎಂಬುದನ್ನು ಎಂಜಿನಿಯರ್ ವಿವರಿಸಲಿ, ಬ್ಯಾಟರಿಯ ಬಾಳಿಕೆಗೂ ಅಲಾರಾಂ ಮೇಲಿನ ನಂಬಿಕೆಗೂ ಏನು ಸಂಬಂಧ ಎಂಬುದನ್ನು ನರ್ಸ್ ವಿವರಿಸಲಿ, ಅನುಮೋದನೆಗೆ ಬೇಕಾದ ಸಾಕ್ಷ್ಯ ಯಾವುದೆಂಬುದನ್ನು ವಿನ್ಯಾಸಕಾರರು ಹೇಳಲಿ. ಆ ಉತ್ತರಗಳಲ್ಲಿ ಆಳವಾದ ಪಾಂಡಿತ್ಯವನ್ನು ನಿರೀಕ್ಷಿಸಬೇಡಿ, ತಮ್ಮ ತಂಡದ ತೀರ್ಮಾನಕ್ಕೆ ಕಾರಣವೇನೆಂದು ಹೇಳಬಲ್ಲರೇ ಎಂಬುದನ್ನು ಮಾತ್ರ ನೋಡಿ. ಪರೀಕ್ಷಕರ ಮಂಡಳಿಯಲ್ಲಿ ವಾರ್ಡಿನ ಹಿರಿಯ ನರ್ಸ್ ಒಬ್ಬರೂ ಆಸ್ಪತ್ರೆಯ ಉಪಕರಣ ದುರಸ್ತಿ ವಿಭಾಗದ ತಂತ್ರಜ್ಞರೊಬ್ಬರೂ ಪ್ರಾಧ್ಯಾಪಕರಷ್ಟೇ ಅಂಕದ ಅಧಿಕಾರದೊಂದಿಗೆ ಕುಳಿತಿರಬೇಕು. ಅವರ ಹೆಸರುಗಳನ್ನು ವರ್ಷದ ಮೊದಲ ವಾರದಲ್ಲೇ ತಂಡಕ್ಕೆ ತಿಳಿಸಿಬಿಡಿ, ಆಗ ಯಾರನ್ನು ಕೇಳಿ ಕಲಿಯಬೇಕು ಎಂಬುದು ಅವರಿಗೆ ಮೊದಲ ದಿನದಿಂದಲೇ ಗೊತ್ತಿರುತ್ತದೆ.